ನಿಮಗಿದು ಗೊತ್ತೇ? ಟಿಕೆಟ್ ಸರ್ವರ್‌ನ ತೆರೆಮರೆಯ ದುಡಿಮೆಗಾರರು

ಕಚೇರಿಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ, ವಿಪಿಎನ್ ಕೈಕೊಟ್ಟರೆ ಹೆಲ್ಪ್‌ಡೆಸ್ಕಿಗೆ ಒಂದು ಮೇಲ್ ಹಾಕುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ಟಿಕೆಟ್ ನಂಬರ್ ಬರುತ್ತದೆ. ಆ ಮೇಲ್ ಓದಿ ಟಿಕೆಟ್ ತೆರೆಯುವುದು, ಅದಕ್ಕೊಂದು ಗಡುವು ಹಾಕುವುದು, ಗಡುವು ಮೀರಿದರೆ ಮ್ಯಾನೇಜರಿಗೆ ತಿಳಿಸುವುದು, ರಾತ್ರಿ ಎಲ್ಲದರ ಬ್ಯಾಕಪ್ ತೆಗೆಯುವುದು, ಇದನ್ನೆಲ್ಲ ಯಾರೂ ಕೂತು ಮಾಡುವುದಿಲ್ಲ. ಕೆರೆಯ ತೂಬು ತೆಗೆದು ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವ ನೀರುಗಂಟಿಯ ಹಾಗೆ, ಸರ್ವರ್‌ನೊಳಗಿನ ಬ್ಯಾಕ್‌ಗ್ರೌಂಡ್ ಸರ್ವೀಸ್‌ಗಳು ಹೊತ್ತುಹೊತ್ತಿಗೆ ಮಾಡಿ ಮುಗಿಸುತ್ತವೆ. ನೆಟ್ಟಗೆ ನಡೆಯುವಾಗ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಕಷ್ಟವೆಂದರೆ, ನಿಂತುಹೋದಾಗಲೂ ಬೀಳುವುದಿಲ್ಲ. ಈ ಸಲದ ಕಂತು ಅವುಗಳನ್ನು ಹೊಂದಿಸುವ ಬಗೆಯ ಕುರಿತು.

ಹಿನ್ನೆಲೆ

● 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಐಬಿಎಂ 7094 ಯಂತ್ರದಲ್ಲಿ ಕೆಲಸ ಮಾಡುತ್ತಿತ್ತು. ಯಾರೂ ಆಜ್ಞೆ ಕೊಡದೆ ತನ್ನ ಪಾಡಿಗೆ ಓಡುವ ಪ್ರೋಗ್ರಾಂಗಳಿಗೆ ಡೀಮನ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅಂಥ ಮೊದಲ ಪ್ರೋಗ್ರಾಂ ಮಾಡುತ್ತಿದ್ದುದು ಫೈಲ್‌ಗಳನ್ನು ಟೇಪಿಗೆ ಬ್ಯಾಕಪ್ ಮಾಡುವ ಕೆಲಸ.

● ನಿಗದಿತ ವೇಳೆಗೆ ಕೆಲಸ ಓಡಿಸುವ ‘ಕ್ರಾನ್’ 1979ರ ಯುನಿಕ್ಸ್ 7ನೇ ಆವೃತ್ತಿಯಲ್ಲಿತ್ತು. ಅದನ್ನು ಬರೆದವರು ಬ್ರಯಾನ್ ಕರ್ನಿಗನ್. ಪ್ರತಿ ನಿಮಿಷಕ್ಕೊಮ್ಮೆ ಎದ್ದು, ಪಟ್ಟಿ ನೋಡಿ, ಕೆಲಸವಿದ್ದರೆ ಮಾಡಿಸಿ ಮತ್ತೆ ಮಲಗುವುದು ಅದರ ಕ್ರಮ. 1987ರಲ್ಲಿ ಪಾಲ್ ವಿಕ್ಸಿ ಹೊಸದಾಗಿ ಬರೆದ ಕ್ರಾನ್‌ನ ವಂಶಸ್ಥರು ಇಂದಿಗೂ ಹಲವು ಲಿನಕ್ಸ್ ಸರ್ವರ್‌ಗಳಲ್ಲಿ ದುಡಿಯುತ್ತಿದ್ದಾರೆ.

● ಐಟಿ ಸೇವೆಯನ್ನು ಹೀಗೆ ನಡೆಸಬೇಕು ಎಂದು ಹೇಳುವ ಐಟಿಐಎಲ್ ಹುಟ್ಟಿದ್ದು ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಲ್ಲ, 1980ರ ದಶಕದ ಬ್ರಿಟಿಷ್ ಸರ್ಕಾರದ ಸಿಸಿಟಿಎ ಎಂಬ ಸಂಸ್ಥೆಯಲ್ಲಿ. ಇದೇ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20000 ಬಂದದ್ದು 2005ರಲ್ಲಿ. ಐಟಿಐಎಲ್‌ನ 4ನೇ ಆವೃತ್ತಿ 2019ರದು.

ಟಿಕೆಟ್ ಸರ್ವರ್‌ನ ಒಳಗೆ

● ಫ್ರಾನ್ಸ್ ಮೂಲದ ಮುಕ್ತ ತಂತ್ರಾಂಶ ಐಟಾಪ್‌ನಲ್ಲಿ ಹಿನ್ನೆಲೆಯ ಕೆಲಸಗಳಿಗೆಲ್ಲ ಒಂದೇ ಬಾಗಿಲು: ಕ್ರಾನ್.ಪಿಎಚ್‌ಪಿ ಎಂಬ ಫೈಲ್. ಟಿಕೆಟ್‌ನ ಗಡುವು ಮೀರಿತೇ ಎಂದು ನೋಡುವುದು, ಸರದಿಯಲ್ಲಿರುವ ಮೇಲ್ ಕಳಿಸುವುದು ಎಲ್ಲವೂ ಅದರ ಮೂಲಕವೇ. ಐಟಾಪ್ ಇನ್‌ಸ್ಟಾಲ್ ಮಾಡಿ, ಸರ್ವರ್‌ನ ಕ್ರಾನ್ ಪಟ್ಟಿಗೆ ಆ ಫೈಲನ್ನು ಸೇರಿಸುವುದು ಮರೆತರೆ ವೆಬ್ ಪುಟ ಚೆನ್ನಾಗಿಯೇ ತೆರೆಯುತ್ತದೆ, ಟಿಕೆಟ್ ಕೂಡ ಹಾಕಬಹುದು. ಆದರೆ ಗಡುವು ಮೀರಿದರೂ ಯಾರಿಗೂ ಸುದ್ದಿ ಮುಟ್ಟುವುದಿಲ್ಲ.

● ಅದೇ ಫೈಲ್ ಏಕಕಾಲಕ್ಕೆ ಎರಡು ಸಲ ಓಡದಂತೆ ಐಟಾಪ್ ಡೇಟಾಬೇಸ್‌ನಲ್ಲಿ ಒಂದು ಬೀಗ ಹಾಕಿಕೊಳ್ಳುತ್ತದೆ. ಹಿಂದಿನ ಸುತ್ತು ಇನ್ನೂ ಮುಗಿದಿಲ್ಲವಾದರೆ ಹೊಸ ಸುತ್ತು ತಾನೇ ಹಿಂದೆ ಸರಿಯುತ್ತದೆ. ಈ ಬೀಗ ಇಲ್ಲದಿದ್ದರೆ ಒಂದೇ ಸೂಚನೆ ಎರಡೆರಡು ಸಲ ಹೋಗಬಹುದು.

● ಜಿಎಲ್‌ಪಿಐ ತಂತ್ರಾಂಶದ ‘ಆಟೊಮ್ಯಾಟಿಕ್ ಆ್ಯಕ್ಷನ್’ಗಳಿಗೆ ಎರಡು ವಿಧಾನಗಳಿವೆ. ಒಂದರಲ್ಲಿ ಯಾರಾದರೂ ಪುಟ ತೆರೆದಾಗ ಅದರ ಬೆನ್ನಿಗೆ ಹಿನ್ನೆಲೆಯ ಕೆಲಸ ಓಡುತ್ತದೆ. ಇನ್ನೊಂದರಲ್ಲಿ ಸರ್ವರ್‌ನ ಕ್ರಾನ್ ಓಡಿಸುತ್ತದೆ. ಮೊದಲನೆಯದರಲ್ಲೇ ಉಳಿಸಿದ್ದರೆ ಭಾನುವಾರ ಯಾರೂ ಲಾಗಿನ್ ಆಗದ ಕಚೇರಿಯಲ್ಲಿ ಮೇಲ್ ಓದುವ ಕೆಲಸವೂ ನಿಂತಿರುತ್ತದೆ. ನಿಜವಾದ ಬಳಕೆಗೆ ಎರಡನೆಯದೇ ಸರಿ.

● ಒಟಿಆರ್‌ಎಸ್ ಎಂಬ ಟಿಕೆಟ್ ತಂತ್ರಾಂಶದ 5ನೇ ಆವೃತ್ತಿಯಿಂದ ಬಂದ ಹಿನ್ನೆಲೆ ಸರ್ವೀಸ್‌ಗೆ ಒಬ್ಬ ಕಾವಲುಗಾರನಿದ್ದಾನೆ. ಕ್ರಾನ್ ಪ್ರತಿ 5 ನಿಮಿಷಕ್ಕೊಮ್ಮೆ ಅದಕ್ಕೆ ‘ಶುರುವಾಗು’ ಎಂದು ಹೇಳುತ್ತದೆ. ಆಗಲೇ ಓಡುತ್ತಿದ್ದರೆ ಏನೂ ಆಗುವುದಿಲ್ಲ, ಸತ್ತಿದ್ದರೆ ಎದ್ದು ಕೂರುತ್ತದೆ.

● ಬಿಎಂಸಿಯ ರೆಮಿಡಿ ಎಆರ್ ಸಿಸ್ಟಮ್‌ನಲ್ಲೂ ಇದೇ ಏರ್ಪಾಡು. ಎಆರ್‌ಮಾನಿಟರ್ ಎಂಬ ಪ್ರೋಗ್ರಾಂ ತನ್ನ ಕಾನ್ಫಿಗ್ ಫೈಲ್ ಓದಿ ಉಳಿದ ಸರ್ವೀಸ್‌ಗಳನ್ನು ಎಬ್ಬಿಸುತ್ತದೆ, ಬಿದ್ದವನ್ನು ಮತ್ತೆ ಎಬ್ಬಿಸುತ್ತದೆ. ಆ ಫೈಲ್‌ನಲ್ಲಿ ಒಂದು ಸಾಲಿನ ಮುಂದೆ # ಬಿದ್ದರೆ ಆ ಸರ್ವೀಸ್ ಇಲ್ಲವೆಂದೇ ಲೆಕ್ಕ.

● ಫ್ರೆಡ್ ಲಡ್ಡಿ 2003ರಲ್ಲಿ ಕಟ್ಟಿದ ಸರ್ವೀಸ್‌ನೌ ಕ್ಲೌಡ್‌ನಲ್ಲಿದೆ. ನಮ್ಮ ಕಚೇರಿಯ ಯಂತ್ರಗಳು ಫೈರ್‌ವಾಲ್ ಒಳಗಿರುತ್ತವೆ. ಇವೆರಡನ್ನೂ ಸೇರಿಸುವುದು ‘ಮಿಡ್ ಸರ್ವರ್’ ಎಂಬ ಸಣ್ಣ ಜಾವಾ ಪ್ರೋಗ್ರಾಂ. ವಿಂಡೋಸ್ ಸರ್ವೀಸ್ ಆಗಿ ಇಲ್ಲವೇ ಲಿನಕ್ಸ್ ಡೀಮನ್ ಆಗಿ ಅದು ಒಳಗೆ ಕೂರುತ್ತದೆ. ಸಂಪರ್ಕ ಯಾವಾಗಲೂ ಒಳಗಿಂದ ಹೊರಕ್ಕೇ ಶುರುವಾಗುವುದರಿಂದ ಹೊರಗಿನವರಿಗೆಂದು ಫೈರ್‌ವಾಲ್‌ನಲ್ಲಿ ಬಾಗಿಲು ತೆರೆಯುವ ಅಗತ್ಯ ಬೀಳುವುದಿಲ್ಲ.

ಲಿನಕ್ಸ್‌ನಲ್ಲಿ ಎಬ್ಬಿಸುವುದು, ಮಲಗಿಸುವುದು

● ಲಿನಕ್ಸ್‌ನಲ್ಲಿ ಎಲ್ಲ ಸರ್ವೀಸ್‌ಗಳ ಹಿರಿಯ 1ನೇ ನಂಬರಿನ ಪ್ರೋಸೆಸ್. ಇಂದು ಬಹುಪಾಲು ಸರ್ವರ್‌ಗಳಲ್ಲಿ ಆ ಜಾಗದಲ್ಲಿರುವುದು ಸಿಸ್ಟಮ್‌ಡಿ. ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಶುರುಮಾಡಿದ್ದು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ 7, 2015ರಲ್ಲಿ ಡೆಬಿಯನ್ 8 ಇದನ್ನು ಒಪ್ಪಿಕೊಂಡವು.

● ‘ಸ್ಟಾರ್ಟ್’ ಬೇರೆ, ‘ಎನೇಬಲ್’ ಬೇರೆ. ಸ್ಟಾರ್ಟ್ ಎಂದರೆ ಈಗ ಓಡು ಎಂದಷ್ಟೇ. ಎನೇಬಲ್ ಎಂದರೆ ಮುಂದೆ ಯಂತ್ರ ಎದ್ದಾಗಲೆಲ್ಲ ಓಡು ಎಂದು. ಸ್ಟಾರ್ಟ್ ಮಾತ್ರ ಮಾಡಿ ಮನೆಗೆ ಹೋದರೆ, ತಿಂಗಳ ಕೊನೆಗೆ ಪ್ಯಾಚ್ ಹಾಕಿ ರೀಬೂಟ್ ಮಾಡಿದ ರಾತ್ರಿ ಆ ಸರ್ವೀಸ್ ಏಳುವುದೇ ಇಲ್ಲ.

● ಸಿಸ್ಟಮ್‌ಡಿಗೆ ನಾವಾಗಿ ಹೇಳದಿದ್ದರೆ ಬಿದ್ದ ಸರ್ವೀಸನ್ನು ಅದು ಎಬ್ಬಿಸುವುದಿಲ್ಲ. ‘ರೀಸ್ಟಾರ್ಟ್’ ಆಯ್ಕೆಯ ಮೂಲ ಮೌಲ್ಯವೇ ‘ಬೇಡ’. ಅದನ್ನು ‘ಆನ್-ಫೇಲ್ಯೂರ್’ ಎಂದು ಬದಲಿಸಿಕೊಳ್ಳಬೇಕು.

● ಬದಲಿಸಿಕೊಂಡರೂ ಒಂದು ಮಿತಿ ಇದೆ. 10 ಸೆಕೆಂಡಿನೊಳಗೆ 5 ಸಲ ಎದ್ದು ಬಿದ್ದರೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ. ಎರಡು ಪ್ರಯತ್ನಗಳ ನಡುವಿನ ಬಿಡುವು ಮೂಲತಃ 100 ಮಿಲಿಸೆಕೆಂಡ್ ಮಾತ್ರ. ಡೇಟಾಬೇಸ್ ಏಳಲು ಅರ್ಧ ನಿಮಿಷ ಹಿಡಿಯಿತೆನ್ನಿ: ಟಿಕೆಟ್ ಸರ್ವೀಸ್ ಅದನ್ನು ಹುಡುಕುತ್ತ ಕ್ಷಣಾರ್ಧದಲ್ಲಿ ಐದೂ ಅವಕಾಶ ಮುಗಿಸಿಕೊಂಡು ಬಿದ್ದಿರುತ್ತದೆ. ಬಿಡುವನ್ನು 10 ಅಥವಾ 15 ಸೆಕೆಂಡಿಗೆ ಏರಿಸಿದರೆ ಈ ಗೋಳು ತಪ್ಪುತ್ತದೆ.

● ‘ಆಫ್ಟರ್’ ಎಂದು ಬರೆದರೆ ಸರದಿ ಮಾತ್ರ ಹೇಳಿದಂತೆ, ‘ಇದು ಬೇಕೇ ಬೇಕು’ ಎಂದು ಹೇಳಿದಂತಲ್ಲ. ಬೇಕು ಎನ್ನಲು ‘ರಿಕ್ವೈರ್ಸ್’ ಅಥವಾ ‘ವಾಂಟ್ಸ್’ ಬರೆಯಬೇಕು. ಹಾಗೆ ಬರೆದು ‘ಆಫ್ಟರ್’ ಬಿಟ್ಟರೆ ಎರಡೂ ಒಟ್ಟಿಗೇ ಏಳಬಹುದು. ಸಾಮಾನ್ಯವಾಗಿ ಎರಡೂ ಸಾಲು ಬೇಕು.

● ‘ನೆಟ್‌ವರ್ಕ್.ಟಾರ್ಗೆಟ್’ ಆದಮೇಲೆ ಏಳು ಎಂದು ಬರೆದರೆ ನೆಟ್‌ವರ್ಕ್ ಸಿದ್ಧವಾಗಿರುತ್ತದೆ ಎಂಬ ಖಾತರಿಯಿಲ್ಲ. ಐಪಿ ವಿಳಾಸ ಸಿಕ್ಕು ಸಂಪರ್ಕ ನಿಂತಮೇಲೆಯೇ ಏಳಬೇಕಾದ ಸರ್ವೀಸಿಗೆ ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಎಂಬ ಬೇರೆ ಗುರುತು ಇದೆ.

● ‘ನಿಲ್ಲು’ ಎಂದಾಗ ಏನಾಗುತ್ತದೆ? ಮೊದಲು 15ನೇ ನಂಬರಿನ ಸಿಗ್ನಲ್ ಹೋಗುತ್ತದೆ: ಕೈಯಲ್ಲಿರುವ ಕೆಲಸ ಮುಗಿಸಿ ಹೊರಡು ಎಂಬ ಸೂಚನೆ. ಸರ್ವೀಸ್ ಆಗ ತೆರೆದ ಫೈಲ್ ಮುಚ್ಚಿ, ಡೇಟಾಬೇಸ್‌ಗೆ ಬರೆಯಬೇಕಾದ್ದನ್ನು ಬರೆದು, ಬೀಗ ಬಿಟ್ಟುಕೊಡಬೇಕು. ಸಿಸ್ಟಮ್‌ಡಿ ಮೂಲತಃ 90 ಸೆಕೆಂಡ್ ಕಾಯುತ್ತದೆ. ಆಮೇಲೆ 9ನೇ ನಂಬರಿನ ಸಿಗ್ನಲ್. ಅದನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಅದು ಬಂದಮೇಲೆ ಏನನ್ನೂ ಮುಗಿಸಲು ಅವಕಾಶವಿಲ್ಲ. ಮೇಲ್ ಕಳಿಸುತ್ತಿದ್ದ ಸರ್ವೀಸಿಗೆ ಅವಸರದಲ್ಲಿ ನೇರವಾಗಿ 9ನೇ ಸಿಗ್ನಲ್ ಕೊಟ್ಟರೆ, ಮೇಲ್ ಹೋಗಿದ್ದರೂ ‘ಹೋಯಿತು’ ಎಂದು ಬರೆದಿಟ್ಟಿರುವುದಿಲ್ಲ. ಮತ್ತೆ ಎದ್ದಾಗ ಅದೇ ಮೇಲ್ ಇನ್ನೊಮ್ಮೆ ಹೋಗುತ್ತದೆ.

● ಪ್ಯಾಕೇಜ್ ಜತೆ ಬಂದ ಸರ್ವೀಸ್ ಫೈಲನ್ನು ನೇರವಾಗಿ ತಿದ್ದಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕಬಹುದು. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಎಂಬ ಆಜ್ಞೆ ನಮ್ಮ ಬದಲಾವಣೆಯನ್ನು ಮಾತ್ರ ಪ್ರತ್ಯೇಕ ಫೈಲ್‌ನಲ್ಲಿ ಇಡುತ್ತದೆ. ಎಷ್ಟು ಅಪ್‌ಡೇಟ್ ಬಂದರೂ ಅದು ಉಳಿಯುತ್ತದೆ. ಕೈಯಾರೆ ತಿದ್ದಿದವರು ‘ಡೀಮನ್-ರೀಲೋಡ್’ ಹೇಳುವುದನ್ನು ಮರೆಯಬಾರದು.

● ಯಂತ್ರದ ಮೆಮೊರಿ ಖಾಲಿಯಾದಾಗ ಲಿನಕ್ಸ್ ಕರ್ನಲ್ ತಾನೇ ಒಂದು ಪ್ರೋಸೆಸ್ ಆರಿಸಿ ಕೊಲ್ಲುತ್ತದೆ. ಹೆಚ್ಚು ಮೆಮೊರಿ ತಿನ್ನುವುದಕ್ಕೆ ಹೆಚ್ಚು ಅಪಾಯ, ಟಿಕೆಟ್ ಸರ್ವರ್‌ನಲ್ಲಿ ಅದು ಬಹಳ ಸಲ ಜಾವಾ ಸರ್ವೀಸ್ ಅಥವಾ ಡೇಟಾಬೇಸೇ ಆಗಿರುತ್ತದೆ. ಸತ್ತದ್ದರ ಸುಳಿವು ಆ ಸರ್ವೀಸ್‌ನ ಲಾಗ್‌ನಲ್ಲಿ ಸಿಗುವುದಿಲ್ಲ, ಕರ್ನಲ್ ಲಾಗ್‌ನಲ್ಲಿ ಹುಡುಕಬೇಕು.

● ಡಿಸ್ಕ್ ತುಂಬಿತೆಂದು ದೊಡ್ಡ ಲಾಗ್ ಫೈಲ್ ಅಳಿಸಿದರೂ ಜಾಗ ಬಿಡುವಾಗದಿರುವುದುಂಟು. ಸರ್ವೀಸ್ ಆ ಫೈಲನ್ನು ತೆರೆದಿಟ್ಟುಕೊಂಡಿರುವವರೆಗೆ ಲಿನಕ್ಸ್ ಜಾಗವನ್ನು ವಾಪಸು ಕೊಡುವುದಿಲ್ಲ. ಸರ್ವೀಸ್ ಫೈಲನ್ನು ಮುಚ್ಚಬೇಕು, ಇಲ್ಲವೇ ರೀಸ್ಟಾರ್ಟ್ ಆಗಬೇಕು.

ವಿಂಡೋಸ್ ಕಡೆ

● ವಿಂಡೋಸ್‌ನಲ್ಲಿ ಈ ಯಜಮಾನಿಕೆ ‘ಸರ್ವೀಸ್ ಕಂಟ್ರೋಲ್ ಮ್ಯಾನೇಜರ್’ನದು. 1993ರ ವಿಂಡೋಸ್ ಎನ್‌ಟಿ 3.1ರಿಂದಲೂ ಅದಿದೆ. ಎಬ್ಬಿಸಿದ ಸರ್ವೀಸ್ ಮೂಲತಃ 30 ಸೆಕೆಂಡಿನೊಳಗೆ ‘ಬಂದೆ’ ಎನ್ನದಿದ್ದರೆ 1053 ಎಂಬ ಎರರ್ ಬರುತ್ತದೆ.

● ವಿಸ್ಟಾದಿಂದ ಮುಂದೆ ಸರ್ವೀಸ್‌ಗಳು ‘ಸೆಷನ್ 0’ ಎಂಬ ಪ್ರತ್ಯೇಕ ಅಂಗಳದಲ್ಲಿ ಓಡುತ್ತವೆ. ಬಳಕೆದಾರರ ಪರದೆಗೂ ಅವಕ್ಕೂ ನಂಟಿಲ್ಲ. ಹಿನ್ನೆಲೆಯ ಪ್ರೋಗ್ರಾಂ ‘ಓಕೆ ಒತ್ತಿ’ ಎಂಬ ಪೆಟ್ಟಿಗೆ ತೋರಿಸಿದರೆ ಅದನ್ನು ಯಾರೂ ನೋಡುವುದಿಲ್ಲ. ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ.

● ನೀವು ಲಾಗಿನ್ ಆಗಿ ಜೋಡಿಸಿದ ನೆಟ್‌ವರ್ಕ್ ಡ್ರೈವ್ ನಿಮಗೆ ಮಾತ್ರ ಕಾಣುತ್ತದೆ, ಸರ್ವೀಸಿಗಲ್ಲ. ಕೈಯಾರೆ ಓಡಿಸಿದಾಗ ಸರಿಯಿದ್ದ ಬ್ಯಾಕಪ್, ಸರ್ವೀಸ್ ಆಗಿ ಓಡಿಸಿದಾಗ ‘ಫೋಲ್ಡರ್ ಇಲ್ಲ’ ಎನ್ನುವುದು ಇದರಿಂದಲೇ. ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ಣ ದಾರಿಯನ್ನೇ ಬರೆಯಬೇಕು.

● ‘ಡಿಲೇಡ್ ಸ್ಟಾರ್ಟ್’ ಎಂದು ಆರಿಸಿದರೆ ಉಳಿದ ಆಟೊಮ್ಯಾಟಿಕ್ ಸರ್ವೀಸ್‌ಗಳೆಲ್ಲ ಎದ್ದು ಸುಮಾರು 2 ನಿಮಿಷದ ಬಳಿಕ ನಿಮ್ಮದು ಏಳುತ್ತದೆ. ಹಾಗಾಗಿ ರೀಬೂಟ್ ಆದ ಕೂಡಲೇ ‘ಸರ್ವೀಸ್ ಎದ್ದಿಲ್ಲ’ ಎಂದು ಗಾಬರಿಯಾಗಬೇಕಿಲ್ಲ.

● ಸರ್ವೀಸ್‌ನ ‘ರಿಕವರಿ’ ಪುಟದಲ್ಲಿ ಮೊದಲ ಸಲ, ಎರಡನೇ ಸಲ, ಆಮೇಲಿನ ಸಲ ಬಿದ್ದರೆ ಏನು ಮಾಡಬೇಕೆಂದು ಪ್ರತ್ಯೇಕವಾಗಿ ಹೇಳಬಹುದು. ಏನೂ ಹೇಳದಿದ್ದರೆ ಏನೂ ಮಾಡುವುದಿಲ್ಲ.

ಕ್ರಾನ್‌ನ ಐದು ಮನೆಗಳು

● ಕ್ರಾನ್ ಸಾಲಿನಲ್ಲಿ ಐದು ಮನೆಗಳು: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ. */5 * * * * ಎಂದರೆ 5 ನಿಮಿಷಕ್ಕೊಮ್ಮೆ, ದಿನಕ್ಕೆ 288 ಸಲ.

● 0 2 13 * 5 ಎಂದು ಬರೆದರೆ ‘13ನೇ ತಾರೀಖು ಶುಕ್ರವಾರ ಬಿದ್ದಾಗ ಬೆಳಗಿನ ಜಾವ 2ಕ್ಕೆ’ ಎಂದಲ್ಲ. ತಿಂಗಳ ದಿನ, ವಾರದ ದಿನ ಎರಡೂ ಕೊಟ್ಟರೆ ಕ್ರಾನ್ ಎರಡರಲ್ಲಿ ಯಾವುದು ಹೊಂದಿದರೂ ಓಡಿಸುತ್ತದೆ. ಅಂದರೆ ಪ್ರತಿ 13ನೇ ತಾರೀಖು, ಜತೆಗೆ ಪ್ರತಿ ಶುಕ್ರವಾರ.

● ಕ್ರಾನ್ ಸಾಲಿನಲ್ಲಿ % ಚಿಹ್ನೆಗೆ ಬೇರೆಯೇ ಅರ್ಥವಿದೆ: ‘ಸಾಲು ಇಲ್ಲಿಗೆ ಮುಗಿಯಿತು’. ಬ್ಯಾಕಪ್ ಫೈಲ್‌ನ ಹೆಸರಿಗೆ ದಿನಾಂಕ ಸೇರಿಸಲು % ಬಳಸಿದ ಆಜ್ಞೆ ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿ, ಕ್ರಾನ್‌ನಲ್ಲಿ ಅರ್ಧಕ್ಕೇ ತುಂಡಾಗುತ್ತದೆ. \% ಎಂದು ಬರೆದರೆ ಸರಿಹೋಗುತ್ತದೆ.

● ನೀವು ಲಾಗಿನ್ ಆದಾಗ ಸಿಗುವ ಪಾತ್ ಕ್ರಾನ್‌ಗೆ ಸಿಗುವುದಿಲ್ಲ. ಅದಕ್ಕೆ ಗೊತ್ತಿರುವ ಫೋಲ್ಡರ್‌ಗಳು ಬೆರಳೆಣಿಕೆಯಷ್ಟು. ಪಿಎಚ್‌ಪಿ, ಜಾವಾ ಎಂದು ಬರೀ ಹೆಸರು ಬರೆಯದೆ ಅವು ಇರುವ ಪೂರ್ಣ ದಾರಿ ಬರೆಯುವುದು ಕ್ಷೇಮ.

● ರಾತ್ರಿ 12ಕ್ಕೆ ಸರಿಯಾಗಿ ಓಡಿಸಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಇದರಿಂದ ಬ್ಯಾಕಪ್, ರಿಪೋರ್ಟ್, ಎಲ್‌ಡ್ಯಾಪ್ ಸಿಂಕ್ ಎಲ್ಲವೂ ಒಂದೇ ಕ್ಷಣಕ್ಕೆ ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ. ಸಿಸ್ಟಮ್‌ಡಿ ಟೈಮರ್‌ನಲ್ಲಿ ಯಾದೃಚ್ಛಿಕ ತಡ ಸೇರಿಸುವ ಆಯ್ಕೆಯಿದೆ. ಜೆಂಕಿನ್ಸ್ ಎಂಬ ತಂತ್ರಾಂಶದಲ್ಲಂತೂ ನಿಮಿಷದ ಜಾಗದಲ್ಲಿ ‘ಎಚ್’ ಅಕ್ಷರ ಹಾಕಿದರೆ ಸಾಕು, ಒಂದೊಂದು ಕೆಲಸಕ್ಕೆ ಒಂದೊಂದು ನಿಮಿಷವನ್ನು ಅದೇ ಹಂಚುತ್ತದೆ.

● ಓಡಬೇಕಾದ ಹೊತ್ತಿಗೆ ಯಂತ್ರವೇ ಆಫ್ ಆಗಿದ್ದರೆ ಸಾಮಾನ್ಯ ಕ್ರಾನ್ ಆ ಸರದಿಯನ್ನು ಬಿಟ್ಟುಬಿಡುತ್ತದೆ. ಸಿಸ್ಟಮ್‌ಡಿ ಟೈಮರ್‌ನಲ್ಲಿ ‘ಪರ್ಸಿಸ್ಟೆಂಟ್’ ಎಂದು ಹಾಕಿದರೆ, ಯಂತ್ರ ಎದ್ದಮೇಲೆ ತಪ್ಪಿದ ಸರದಿಯನ್ನು ಪೂರೈಸುತ್ತದೆ.

ಗಡಿಯಾರದ ಗೊಂದಲ

● ಭಾರತೀಯ ಕಾಲಮಾನ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದು. ಕ್ಲೌಡ್ ಸರ್ವರ್‌ಗಳು ಬಹುಪಾಲು ಯುಟಿಸಿಯಲ್ಲಿರುತ್ತವೆ. ಅಲ್ಲಿ ರಾತ್ರಿ 12ಕ್ಕೆಂದು ಇಟ್ಟ ಕೆಲಸ ಬೆಂಗಳೂರಿನಲ್ಲಿ ಬೆಳಗ್ಗೆ 5:30ಕ್ಕೆ ಓಡುತ್ತದೆ. ನಮ್ಮ ಮಧ್ಯರಾತ್ರಿಗೇ ಬೇಕೆಂದರೆ ಹಿಂದಿನ ತಾರೀಖಿನ 18:30 ಎಂದು ಬರೆಯಬೇಕು.

● ನಮ್ಮಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿಯಿಲ್ಲ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ 2 ಗಂಟೆ ಆದಕೂಡಲೇ 3 ಆಗುತ್ತದೆ, ಆ ದಿನ 2:30 ಎಂಬ ಹೊತ್ತೇ ಇರುವುದಿಲ್ಲ. ನವೆಂಬರ್‌ನ ಮೊದಲ ಭಾನುವಾರ 1:30 ಎರಡು ಸಲ ಬರುತ್ತದೆ. ಕೆಲವು ಶೆಡ್ಯೂಲರ್‌ಗಳು ಇದನ್ನು ಸರಿದೂಗಿಸುತ್ತವೆ, ಎಲ್ಲವೂ ಅಲ್ಲ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಬೆಂಗಳೂರಿನ ಶಿಫ್ಟಿನವರಿಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30.

● ಗಡುವು ಎಣಿಸುವ ಸರ್ವೀಸಿಗೆ ರಜೆಯ ಪಟ್ಟಿ ಬೇಕು. ನವೆಂಬರ್ 1 ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ, ಪುಣೆಯ ಕಚೇರಿಗೆ ಅಲ್ಲ. ಬೆಂಗಳೂರಿನ ತಂಡದ ಕ್ಯಾಲೆಂಡರಿಗೆ ಅದನ್ನು ಸೇರಿಸದಿದ್ದರೆ, ಬಾಗಿಲು ಹಾಕಿದ ಕಚೇರಿಯ ಟಿಕೆಟ್‌ಗಳ ಗಡುವೂ ಓಡುತ್ತಲೇ ಇರುತ್ತದೆ. ಮರುದಿನ ಬಂದವರ ತಲೆಗೆ ಇಲ್ಲದ ತಪ್ಪು ಕಟ್ಟಿದಂತಾಗುತ್ತದೆ.

● ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸರ್ವರ್‌ಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸುವಂತೆ ಹೇಳಿತು. ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಎಂಬುದೂ ಅದರಲ್ಲಿದೆ. ಲಾಗ್ ಅಳಿಸುವ ಹಿನ್ನೆಲೆಯ ಕೆಲಸಕ್ಕೆ 30 ದಿನ ಎಂದು ಇಟ್ಟವರು ಅದನ್ನು ಬದಲಿಸಲೇಬೇಕು.

● ಆ್ಯಕ್ಟಿವ್ ಡೈರೆಕ್ಟರಿಯ ಲಾಗಿನ್ ವ್ಯವಸ್ಥೆ ಗಡಿಯಾರಗಳ ನಡುವೆ ಮೂಲತಃ 5 ನಿಮಿಷದ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಪಾಸ್‌ವರ್ಡ್ ಸರಿಯಿದ್ದರೂ ಸರ್ವೀಸನ್ನು ಒಳಗೆ ಬಿಡುವುದಿಲ್ಲ.

● 2012ರ ಜೂನ್ 30ರಂದು ಜಗತ್ತಿನ ಗಡಿಯಾರಕ್ಕೆ ಒಂದು ಸೆಕೆಂಡ್ ಸೇರಿಸಿದರು. ನಮ್ಮಲ್ಲಿ ಆಗ ಜುಲೈ 1ರ ಬೆಳಗ್ಗೆ 5:30. ಲಿನಕ್ಸ್ ಕರ್ನಲ್‌ನ ಒಂದು ದೋಷದಿಂದ ಅನೇಕ ಜಾವಾ ಸರ್ವೀಸ್‌ಗಳು ಸಿಪಿಯು ಪೂರ್ತಿ ಕಬಳಿಸಿದವು. ರೆಡಿಟ್ ತಾಣ ಮಲಗಿತು. ಹಲವರು ದಿನಾಂಕವನ್ನು ಮತ್ತೊಮ್ಮೆ ಸೆಟ್ ಮಾಡಿ ಬಚಾವಾದರು. 2035ರ ಹೊತ್ತಿಗೆ ಈ ಸೆಕೆಂಡ್ ಸೇರಿಸುವ ಪದ್ಧತಿಯನ್ನು ಕೈಬಿಡಲು 2022ರಲ್ಲಿ ಅಂತರರಾಷ್ಟ್ರೀಯ ತೂಕ ಅಳತೆಗಳ ಸಮ್ಮೇಳನ ತೀರ್ಮಾನಿಸಿತು.

ಮೇಲ್ ಓದುವ ಸರ್ವೀಸ್

● ರಜೆಯಲ್ಲಿರುವವರ ಟಿಕೆಟ್‌ಗೆ ಸರ್ವರ್ ಮೇಲ್ ಕಳಿಸುತ್ತದೆ. ಅವರ ಮೇಲ್‌ಬಾಕ್ಸ್ ‘ನಾನು ರಜೆಯಲ್ಲಿದ್ದೇನೆ’ ಎಂದು ಉತ್ತರಿಸುತ್ತದೆ. ಸರ್ವರ್ ಅದನ್ನು ಹೊಸ ಟಿಕೆಟ್ ಎಂದುಕೊಂಡು ಮತ್ತೆ ಉತ್ತರಿಸುತ್ತದೆ. ಎರಡೂ ಕಡೆ ತಡೆಯಿಲ್ಲದಿದ್ದರೆ ಬೆಳಗಾಗುವುದರೊಳಗೆ ಸಾಲು ತುಂಬ ಟಿಕೆಟ್‌ಗಳು. 2004ರ ಆರ್‌ಎಫ್‌ಸಿ 3834 ಇದಕ್ಕೆ ಮದ್ದು ಹೇಳಿತು: ತಾನಾಗಿ ಹೊರಟ ಮೇಲ್‌ಗೆ ‘ಆಟೊ-ಸಬ್ಮಿಟೆಡ್’ ಎಂಬ ಗುರುತು ಹಾಕಬೇಕು, ಆ ಗುರುತಿರುವ ಮೇಲ್‌ಗೆ ತಾನಾಗಿ ಉತ್ತರಿಸಬಾರದು. ನಿಮ್ಮ ಸರ್ವೀಸ್ ಈ ಎರಡನ್ನೂ ಪಾಲಿಸುತ್ತದೆಯೇ ಎಂದು ಒಮ್ಮೆ ನೋಡಿ.

● ‘ಓದದ ಮೇಲ್’ಗಳನ್ನಷ್ಟೇ ಎತ್ತಿಕೊಳ್ಳುವಂತೆ ಹೊಂದಿಸಿದ ಮೇಲ್‌ಬಾಕ್ಸನ್ನು ಯಾರಾದರೂ ತೆರೆದು ಒಂದು ಮೇಲ್ ಓದಿದರೆ, ಸರ್ವೀಸ್ ಆ ಮೇಲನ್ನು ಬಿಟ್ಟು ಮುಂದೆ ಹೋಗುತ್ತದೆ. ದೂರು ಕೊಟ್ಟವರು ಕಾಯುತ್ತಿರುತ್ತಾರೆ, ಟಿಕೆಟ್ ಹುಟ್ಟಿರುವುದೇ ಇಲ್ಲ. ಆ ಮೇಲ್‌ಬಾಕ್ಸ್‌ಗೆ ಮನುಷ್ಯರ ಪ್ರವೇಶ ಇರಬಾರದು.

● ಮೈಕ್ರೋಸಾಫ್ಟ್ 2022ರ ಅಕ್ಟೋಬರ್ 1ರಿಂದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಬರೀ ಹೆಸರು-ಪಾಸ್‌ವರ್ಡ್ ಕೊಟ್ಟು ಐಮ್ಯಾಪ್, ಪಾಪ್ ಮೂಲಕ ಮೇಲ್ ಓದುವ ಹಳೆಯ ದಾರಿಯನ್ನು ಮುಚ್ಚಲು ಶುರುಮಾಡಿತು. ಟಿಕೆಟ್ ಸರ್ವರ್‌ಗಳು ಓಆತ್ 2.0ಕ್ಕೆ ಬದಲಾಗಬೇಕಾಯಿತು.

ಖಾತೆ ಮತ್ತು ಗುಟ್ಟು

● ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಮೂಲತಃ ರೂಟ್ ಅಧಿಕಾರ ಬೇಕು. ಹಾಗೆಂದು ಇಡೀ ಸರ್ವೀಸನ್ನು ರೂಟ್ ಆಗಿ ಓಡಿಸಬೇಕಿಲ್ಲ. ಮುಂದೆ ಒಂದು ವೆಬ್ ಸರ್ವರ್ ನಿಲ್ಲಿಸಿ, ಹಿಂದಿನ ಸರ್ವೀಸನ್ನು 8080ರಂಥ ಪೋರ್ಟ್‌ನಲ್ಲಿ ಸಾಮಾನ್ಯ ಖಾತೆಯಿಂದ ಓಡಿಸಬಹುದು. 2021ರ ಡಿಸೆಂಬರ್‌ನಲ್ಲಿ ಲಾಗ್ ಬರೆಯುವ ಜಾವಾ ಲೈಬ್ರರಿ ಲಾಗ್4ಜೆಯಲ್ಲಿ ದೋಷ ಬಯಲಾದಾಗ ಅದರ ತೀವ್ರತೆಗೆ 10ಕ್ಕೆ 10 ಅಂಕ ಬಿತ್ತು. ಇಂಥ ದೋಷದಿಂದ ಹೊಕ್ಕವನಿಗೆ ಮೊದಲು ಸಿಗುವುದು ಆ ಸರ್ವೀಸಿಗೆ ಕೊಟ್ಟಿದ್ದಷ್ಟೇ ಅಧಿಕಾರ.

● ಆಜ್ಞೆಯ ಸಾಲಿನಲ್ಲೇ ಬರೆದ ಪಾಸ್‌ವರ್ಡ್, ಸರ್ವರ್‌ನ ಪ್ರೋಸೆಸ್ ಪಟ್ಟಿ ನೋಡುವ ಬೇರೆಯವರಿಗೂ ಕಾಣಬಹುದು. ಐಟಾಪ್‌ನ ಕ್ರಾನ್ ತನ್ನ ಹೆಸರು, ಪಾಸ್‌ವರ್ಡನ್ನು ಒಂದು ಪ್ರತ್ಯೇಕ ಫೈಲ್‌ನಿಂದ ಓದಬಲ್ಲದು. ಆ ಫೈಲ್ ವೆಬ್ ಫೋಲ್ಡರಿನ ಹೊರಗಿರಲಿ, ಕ್ರಾನ್ ಓಡಿಸುವ ಖಾತೆಯೊಂದೇ ಅದನ್ನು ಓದುವಂತಿರಲಿ.

● ಸರ್ವೀಸನ್ನು ನೌಕರರೊಬ್ಬರ ಸ್ವಂತ ಖಾತೆಯಲ್ಲಿ ಓಡಿಸಿದರೆ, ಅವರು ಪಾಸ್‌ವರ್ಡ್ ಬದಲಿಸಿದ ದಿನ ಇಲ್ಲವೇ ಕೆಲಸ ಬಿಟ್ಟ ದಿನ ಸರ್ವೀಸ್ ಕೂಡ ನಿಲ್ಲುತ್ತದೆ. ವಿಂಡೋಸ್ ಸರ್ವರ್ 2012ರಿಂದ ಸರ್ವೀಸ್‌ಗಳಿಗೆಂದೇ ಜಿಎಂಎಸ್‌ಎ ಖಾತೆಗಳಿವೆ. ಅವುಗಳ ಪಾಸ್‌ವರ್ಡನ್ನು ಮೂಲತಃ 30 ದಿನಕ್ಕೊಮ್ಮೆ ವ್ಯವಸ್ಥೆಯೇ ಬದಲಿಸುತ್ತದೆ, ಯಾರೂ ಬಾಯಿಪಾಠ ಮಾಡಬೇಕಿಲ್ಲ.

ಮೂರು ದೊಡ್ಡ ಪಾಠಗಳು

● 2012ರ ಜೂನ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹದಲ್ಲಿ, ರಾತ್ರಿಯ ಕೆಲಸಗಳನ್ನು ಸರದಿಯಂತೆ ಓಡಿಸುವ ಶೆಡ್ಯೂಲರ್ ತಂತ್ರಾಂಶದ ಅಪ್‌ಗ್ರೇಡ್ ಎಡವಿತು. 65 ಲಕ್ಷಕ್ಕೂ ಹೆಚ್ಚು ಗ್ರಾಹಕರು ತೊಂದರೆಗೊಳಗಾದರು. 2014ರಲ್ಲಿ ಇಬ್ಬರು ನಿಯಂತ್ರಕರು ಒಟ್ಟು 5.6 ಕೋಟಿ ಪೌಂಡ್ ದಂಡ ಹಾಕಿದರು.

● 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಷೇರು ವಹಿವಾಟು ಸಂಸ್ಥೆಯಲ್ಲಿ ಹೊಸ ಕೋಡ್ 8 ಸರ್ವರ್‌ಗಳ ಪೈಕಿ ಒಂದಕ್ಕೆ ಹೋಗಿರಲಿಲ್ಲ. ಆ ಒಂದರಲ್ಲಿ ಹಳೆಯ ಕೋಡ್ ಎದ್ದು 45 ನಿಮಿಷದಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಮಾಡಿತು. ಮಾರುಕಟ್ಟೆ ತೆರೆಯುವ ಮುನ್ನವೇ ಎರರ್ ಸೂಚಿಸುವ 97 ಮೇಲ್‌ಗಳನ್ನು ವ್ಯವಸ್ಥೆ ಸಿಬ್ಬಂದಿಗೆ ಕಳಿಸಿತ್ತು. ಅವನ್ನು ಎಚ್ಚರಿಕೆ ಎಂದು ಪರಿಗಣಿಸುವ ಏರ್ಪಾಡೇ ಅಲ್ಲಿರಲಿಲ್ಲ.

● 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ದಿನವೂ ಬ್ಯಾಕಪ್ ಆಗುತ್ತಿದೆ ಎಂದೇ ಎಲ್ಲರ ನಂಬಿಕೆ. ಹುಡುಕಿದರೆ ಬ್ಯಾಕಪ್ ಇಡಬೇಕಾದ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ರದು, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2ರದು. ಆವೃತ್ತಿ ಹೊಂದದೆ ಕ್ರಾನ್ ಕೆಲಸ ಪ್ರತಿ ಸಲವೂ ಸೋಲುತ್ತಿತ್ತು. ಸೋತಾಗ ಕ್ರಾನ್ ಮೇಲ್ ಕಳಿಸುತ್ತಲೂ ಇತ್ತು. ಆದರೆ ಆ ಮೇಲ್‌ಗಳಿಗೆ ಡಿಮಾರ್ಕ್ ಎಂಬ ಮೇಲ್ ತಪಾಸಣೆಗೆ ಬೇಕಾದ ಸಹಿ ಇರಲಿಲ್ಲವಾಗಿ, ಪಡೆಯಬೇಕಾದ ಮೇಲ್ ಸರ್ವರ್ ಎಲ್ಲವನ್ನೂ ತಿರಸ್ಕರಿಸುತ್ತಿತ್ತು. ಎಂಜಿನಿಯರೊಬ್ಬರು ಬೇರೆ ಕೆಲಸಕ್ಕೆಂದು ಸುಮಾರು 6 ಗಂಟೆ ಮುಂಚೆ ತೆಗೆದಿಟ್ಟ ಒಂದು ಪ್ರತಿ ಸಿಕ್ಕಿದ್ದರಿಂದ ಉಳಿದದ್ದು ಉಳಿಯಿತು. ಗಿಟ್‌ಲ್ಯಾಬ್ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು. ಸರ್ವರ್ ನೋಡಿಕೊಳ್ಳುವ ಪ್ರತಿಯೊಬ್ಬರೂ ಆ ವರದಿ ಓದಬೇಕು.

ಹಾಗಾದರೆ ಏನು ಮಾಡಬೇಕು?

● ‘ಸೋತರೆ ಮೇಲ್ ಕಳಿಸು’ ಎಂಬ ಏರ್ಪಾಡು ಸಾಲದು. ಸರ್ವೀಸೇ ಸತ್ತಿದ್ದರೆ, ಕ್ರಾನ್ ಸಾಲೇ ಅಳಿಸಿಹೋಗಿದ್ದರೆ ಕಳಿಸುವವರು ಯಾರು? ಪ್ರತಿ ಕೆಲಸವೂ ಗೆದ್ದಾಗ ಬೇರೊಂದು ಯಂತ್ರಕ್ಕೆ ‘ಮುಗಿಸಿದೆ’ ಎಂದು ಹೇಳಲಿ. ಹೇಳಬೇಕಾದ ಹೊತ್ತು ಮೀರಿದರೆ ಆ ಯಂತ್ರ ಆನ್‌ಕಾಲ್ ಇರುವವರ ಫೋನ್ ಬಡಿಯಲಿ.

● ಸರ್ವೀಸ್ ‘ರನ್ನಿಂಗ್’ ಎಂದು ತೋರಿಸಿದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದಲ್ಲ. 15 ನಿಮಿಷಕ್ಕೊಮ್ಮೆ ಒಂದು ಪರೀಕ್ಷಾ ಮೇಲ್ ತಾನಾಗಿ ಹೋಗಲಿ. ಅದು ಟಿಕೆಟ್ ಆಯಿತೇ, ಉತ್ತರ ಬಂತೇ ಎಂದು ಇನ್ನೊಂದು ಕೆಲಸ ನೋಡಲಿ. ಮೇಲ್‌ಬಾಕ್ಸ್, ಸರ್ವೀಸ್, ಡೇಟಾಬೇಸ್, ಗಡಿಯಾರ ನಾಲ್ಕೂ ಸರಿಯಿದ್ದರೆ ಮಾತ್ರ ಆ ಸುತ್ತು ಪೂರ್ತಿಯಾಗುತ್ತದೆ.

● ಜಿಎಲ್‌ಪಿಐನಲ್ಲಿ ಒಂದೊಂದು ಹಿನ್ನೆಲೆ ಕೆಲಸದ ಮುಂದೆಯೂ ಅದು ಕೊನೆಯ ಸಲ ಓಡಿದ ಹೊತ್ತು ಕಾಣುತ್ತದೆ. ಐಟಾಪ್‌ನ ಕ್ರಾನನ್ನು ಕೇಳಿದರೂ ಈ ಪಟ್ಟಿ ಕೊಡುತ್ತದೆ. ಶಿಫ್ಟ್ ಬಿಟ್ಟುಕೊಡುವಾಗ ಓದಿ ಹೇಳುವ ವಿಷಯಗಳಲ್ಲಿ ಇದೂ ಇರಲಿ.

● ಒಂದೊಂದು ಸರ್ವೀಸಿಗೂ ಐದು ಸಂಗತಿ ಬರೆದಿಡಿ: ಅದರ ಕೆಲಸವೇನು, ಯಾವ ಖಾತೆಯಲ್ಲಿ ಓಡುತ್ತದೆ, ಯಾವುದರ ನಂತರ ಏಳಬೇಕು, ನಿಂತರೆ ಯಾರಿಗೆ ಏಟು, ಅದರ ಹೊಣೆ ಯಾರದು. ಕೊನೆಯ ಪ್ರಶ್ನೆಗೆ ತಂಡದ ಹೆಸರು ಬರೆದರೆ ಸಾಲದು, ಒಬ್ಬರ ಹೆಸರು ಬೇಕು. ಹೊಣೆ ಹೊತ್ತವರಿಲ್ಲದ ಸರ್ವೀಸ್ ನಿಂತಾಗ ಮೊದಲು ತಿಳಿಯುವುದು ಟಿಕೆಟ್ ಹಾಕಿ ಕಾಯುತ್ತಿರುವವರಿಗೆ, ಅವರು ಅದನ್ನು ಹೇಳಲು ಹಾಕುವ ಮೇಲ್ ಕೂಡ ಅದೇ ನಿಂತುಹೋದ ಸರ್ವೀಸಿಗೇ ಬರುತ್ತದೆ.